ಬೈರೇಶನ ಮಂಡಿ, ಓಬಳಮ್ಮನ ವಿಶಲ್

ನಮ್ಮ ಕಂಡಕ್ಟರ್ ಓಬಳಮ್ಮನ ಮನಸ್ಸು ಹೇಗಿದೆ ಎಂದು ತಿಳಿಯಲು ನಾನು ಹಿಂದೆ ತಿರುಗಿ ನೋಡಬೇಕಾಗಿಲ್ಲ. ಅವಳ ವಿಶಲ್ ಕೇಳಿದರೆ ಸಾಕು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಅದು ಎಲ್ಲ ಕಂಡಕ್ಟರುಗಳ ರೂಢಿ. ಓಬಳಮ್ಮ ಖುಷಿಯಲ್ಲಿದ್ದರೆ ಎರಡನೆಯದನ್ನು ಸ್ವಲ್ಪ ಎಳೆಯುತ್ತಾಳೆ. ಸಿಟ್ಟಿದ್ದರೆ ಎರಡೂ ಕಿವಿಗೆ ಚುಚ್ಚುತ್ತವೆ. ಬೂದಿಕೋಟೆಯ ಆಚೆಗಿನ ಹಳ್ಳಿಯಿಂದ ಹೊರಟು ಬಂಗಾರಪೇಟೆ, ಕೆಜಿಎಫ್ ಹಾಯ್ದು ಬೇತಮಂಗಲ ಮುಟ್ಟುವ ಬಸ್ಸನ್ನು ನಾನು ಅವಳ ಜೊತೆ ಓಡಿಸುತ್ತಾ ಬಂದು ವರ್ಷಗಳೇ ಆದವು. ನಾನು ಕೆಂಪಣ್ಣ, ಡ್ರೈವರ್. ನನಗೆ ಮಾತೇ ಬರುವುದಿಲ್ಲ ಎಂದು ಅವಳು ಎಲ್ಲರ ಹತ್ತಿರ ದೂರುತ್ತಾಳೆ. ಅವಳಿದ್ದ ಕಡೆ ಇನ್ನೊಬ್ಬರಿಗೆ ಮಾತಾಡಲು ಸಂದು ಎಲ್ಲಿ ಸಿಗುತ್ತದೆ ಎಂದು ನಾನು ಕೇಳುತ್ತೇನೆ.

ಆ ತಿಂಗಳು ಅವಳ ವಿಶಲ್ ಪೂರ್ತಿ ಹದಗೆಟ್ಟಿತ್ತು. ಜನ ಇಳಿಯುವ ಮೊದಲೇ ಎರಡು ಊದುವಳು. ಸ್ಟಾಪ್ ದಾಟಿದ ಮೇಲೆ ನೆನಪಾಗಿ ಒಂದು ಊದುವಳು. ನಾನು ಬ್ರೇಕ್ ಒತ್ತಿ ಒತ್ತಿ ಕಾಲು ನೋಯಿಸಿಕೊಂಡೆ. ಕಾರಣ ಇಡೀ ಬಸ್ಸಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಬೈರೇಶನ ಮಂಡಿಯ ಚಿಂತೆ.

ಬೈರೇಶ್ ನಮ್ಮ ಬಸ್ಸು ಹೊರಡುವ, ಬೂದಿಕೋಟೆಯ ಆಚೆಗಿನ ಆ ಹಳ್ಳಿಯವನೇ. ಟಿವಿಯಲ್ಲಿ ಬರುವ ಕಬಡ್ಡಿ ಲೀಗಿನಲ್ಲಿ ಈಗ ಹೆಸರಾದ ರೈಡರ್. ಅವನು ರೈಡಿಗೆ ಹೊರಟರೆ ಬಂಗಾರಪೇಟೆಯ ಗಾಡಿಗಳ ಮುಂದೆ ಪಾನಿಪೂರಿ ತಿನ್ನುವವರು ಬಾಯಿ ತೆರೆದವರು ತೆರೆದಂತೆಯೇ ನಿಲ್ಲುತ್ತಾರೆ. ನನಗೆ ಆ ಹುಚ್ಚಿಲ್ಲ. ಉಸಿರು ಬಿಗಿಹಿಡಿದು ಜಗಳವಾಡುವುದನ್ನು ಕೂತು ನೋಡುವುದೇನಿದೆ ಎನ್ನುವವನು ನಾನು. ಓಬಳಮ್ಮ ಬೇತಮಂಗಲದ ಹೈಸ್ಕೂಲಿಗೆ ಆಡಿದವಳು, ತಾಲ್ಲೂಕು ಮಟ್ಟದವರೆಗೆ ಹೋದವಳು. ಕಬಡ್ಡಿ ಅವಳಿಗೆ ಎರಡನೇ ಸಂಸಾರ. ಬೈರೇಶ್ ಬಂಗಾರಪೇಟೆಯಲ್ಲಿ ಕಾಲೇಜಿಗೆ ಬರುತ್ತಿದ್ದಾಗ ಸಂಜೆ ಅಭ್ಯಾಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ಓಡಿ ಬರುವಷ್ಟರಲ್ಲಿ ಹೊರಡುವ ಹೊತ್ತು ಮೀರಿರುತ್ತಿತ್ತು. ಇವಳು ವಿಶಲನ್ನು ಕೈಯಲ್ಲಿ ಹಿಡಿದು ರಸ್ತೆ ನೋಡುತ್ತಾ ನಿಂತುಬಿಡುತ್ತಿದ್ದಳು. ಕಂಡಕ್ಟರ್ ಊದದೆ ನಾನು ಬಸ್ ತೆಗೆಯುವಂತಿಲ್ಲ. ಜನ ಬೈಯುತ್ತಿದ್ದುದು ಮಾತ್ರ ನನ್ನನ್ನು. ಅವನು ಹತ್ತಿದ ಮೇಲೆ ಇವಳೂ ಅವನನ್ನು ಚೆನ್ನಾಗಿ ಬೈದು, ಆಮೇಲೆ ತನ್ನ ಡಬ್ಬಿಯಲ್ಲಿ ಉಳಿಸಿದ್ದ ಕಡಲೆಕಾಯಿ ಕೊಡುತ್ತಿದ್ದಳು.

ಅಂಥ ಬೈರೇಶ್ ಆಟದ ಮಧ್ಯೆ ಮಂಡಿ ಹಿಡಿದು ಕುಸಿದದ್ದನ್ನು ಎಲ್ಲರೂ ಟಿವಿಯಲ್ಲೇ ನೋಡಿದರು. ಒಳಗಿನ ನರ, ಡಾಕ್ಟರುಗಳ ಮಾತಿನಲ್ಲಿ ಲಿಗಮೆಂಟು, ಹರಿದಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ಹೊಸ ನರ ಕೂಡಿಸಿದರು. ಓಬಳಮ್ಮನ ಪ್ರಕಾರ ತಪ್ಪೆಲ್ಲ ಮ್ಯಾಟಿನದು. "ರಬ್ಬರ್ ಮೇಲೆ ಕಾಲು ಕಚ್ಕೊಂತೈತೆ ಕಣಣ್ಣ. ನಮ್ ಮಣ್ಣಾಗಿದ್ರೆ ಜಾರ್ಕೊಂಡ್ ಓಗಿರೋದು, ಮಂಡಿ ಉಳ್ಕೊಂತಿತ್ತು" ಎಂದು ಅವಳು ಬೂದಿಕೋಟೆಯಿಂದ ಬಂಗಾರಪೇಟೆಯವರೆಗೂ ವಾದಿಸಿದ್ದಳು. ಆ ವಾದವನ್ನು ನಾನು ಆಗ ಅರ್ಧ ಕಿವಿಯಲ್ಲಿ ಕೇಳಿ ಬಿಟ್ಟೆ.

ಆಪರೇಷನ್ ಆಗಿ ಬೈರೇಶ್ ಊರಿಗೆ ಬಂದಾಗ ಅವರ ಮನೆ ಮುಂದೆ ಜನವೋ ಜನ. ಬ್ರೆಡ್ಡು, ಎಳನೀರು, ದಾಳಿಂಬೆ ಹಿಡಿದು ನೋಡಲು ಬಂದವರೆಲ್ಲ ಅವನ ಮಂಡಿಯ ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ. ನಮ್ಮ ಬಸ್ ಆ ಹಳ್ಳಿಯಲ್ಲಿ ನಿಂತಾಗ ಓಬಳಮ್ಮ "ಐದ್ ನಿಮಿಷ, ಬತ್ತೀನಿ" ಎಂದು ಇಳಿದು ಹೋದಳು. ಅರ್ಧ ಗಂಟೆ ಬಿಟ್ಟು ಬಂದಳು. ಕೈ ಕೆಂಪಗೆ, ಅರಿಶಿನ ಅರಿಶಿನವಾಗಿತ್ತು. ಕೇಳದೆ ನನ್ನ ಕುಡಿಯುವ ನೀರಿನ ಬಾಟಲಿ ಎತ್ತಿಕೊಂಡು ಕೈ ತೊಳೆದಳು. ನೀರು ಖಾಲಿ ಮಾಡಿದ್ದಕ್ಕೆ ನಾನು ರೇಗಿದೆ. ಅವತ್ತು ಎರಡನೆಯ ವಿಶಲನ್ನು ಅವಳು ಬೂದಿಕೋಟೆಗೆ ಕೇಳುವಷ್ಟು ಉದ್ದ ಎಳೆದಳು.

ಒಂದು ವಾರವೂ ಕಳೆಯಲಿಲ್ಲ, ಬೈರೇಶನಿಗೆ ಜ್ವರ ಬಂತು. ಮಂಡಿ ಕುಂಬಳಕಾಯಿಯ ಹಾಗೆ ಊದಿ ಕೆಂಪಾಯಿತು. ರಾತ್ರೋರಾತ್ರಿ ಮತ್ತೆ ಬೆಂಗಳೂರಿಗೆ ಸಾಗಿಸಿದರು. ಮಂಡಿಯೊಳಗೆ ಇನ್‌ಫೆಕ್ಷನ್ ಆಗಿದೆ, ತೆರೆದು ತೊಳೆದಿದ್ದಾರೆ, ಆದರೂ ಜ್ವರ ಇಳಿಯುತ್ತಿಲ್ಲ ಎಂದು ಸುದ್ದಿ ಬಂತು.

ಅಲ್ಲಿಂದ ನಮ್ಮ ಬಸ್ಸಿಗೆ ನೆಮ್ಮದಿ ಎನ್ನುವುದು ಇಲ್ಲವಾಯಿತು. ಬೂದಿಕೋಟೆಯಲ್ಲಿ ಹತ್ತುವ ಅಜ್ಜಿ, "ಪಿಲ್ಲೋನಿ ಕಾಲು ಎಟ್ಲುಂದಮ್ಮಾ?" ಎಂದು ತೆಲುಗಿನಲ್ಲಿ ಕೇಳುವಳು. ಕೆಜಿಎಫಿನಲ್ಲಿ ಹೂವಿನ ಬುಟ್ಟಿಯವಳು, "ಅಕ್ಕಾ, ತಂಬಿ ಕಾಲ್ ಎಪ್ಪಡಿ ಇರುಕ್ಕು?" ಎಂದು ತಮಿಳಿನಲ್ಲಿ ಕೇಳುವಳು. ಬೇತಮಂಗಲದವರು ಹುಡುಗನ ಕಾಲು ಹೇಗಿದೆ ಎಂದು ಕನ್ನಡದಲ್ಲಿ ಕೇಳುವರು. ಮೂರು ಭಾಷೆಯಲ್ಲೂ ಅದೇ ಕಾಲು. ಬೈರೇಶನ ವಿಷಯ ಓಬಳಮ್ಮನಿಗೆ ತಿಳಿಯದೆ ಇನ್ಯಾರಿಗೆ ತಿಳಿದೀತು ಎಂದು ಅವರ ನಂಬಿಕೆ. ಮೊದಲಾಗಿದ್ದರೆ ಅವಳು ಟಿಕೆಟ್ ಹರಿಯುವುದನ್ನೇ ಬಿಟ್ಟು ವಿವರಿಸುತ್ತಿದ್ದಳು. ಈಗ, "ಅಂಗೇ ಐತಂತೆ, ಮುಂದಕ್ ನಡೀರಿ" ಎಂದು ಮೆಷಿನಿನ ಮೇಲೆ ಕಣ್ಣು ಕೀಲಿಸುತ್ತಿದ್ದಳು.

ಅಭಿಮಾನಿಗಳಿಗೆಲ್ಲ ಮುಂದಾಳು ನವನೀತ್. ಗದಗದ ಕಡೆಯವನು, ಕೆಜಿಎಫಿನ ಕಾರ್ಖಾನೆಯಲ್ಲಿ ಕೆಲಸ, ಬೈರೇಶನ ಹೆಸರಿನಲ್ಲಿ ವಾಟ್ಸಾಪ್ ಗುಂಪು ಕಟ್ಟಿದವನು. ಅಲ್ಲಿನ ಮೈಸೂರು ಮೈನ್ಸ್ ಸ್ಟಾಪಿನಲ್ಲಿ ಹತ್ತಿದವನೇ ಫೋನು ಹಿಡಿದು ಗುಂಪಿಗೆ ಬಂದ ಬೈಗುಳವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಎಲ್ಲವೂ ಆಸ್ಪತ್ರೆಗೆ, ಡಾಕ್ಟರಿಗೆ. ಕತ್ತರಿ ತೊಳೆದಿಲ್ಲ, ಕೈ ತೊಳೆದಿಲ್ಲ, ಎದುರು ತಂಡದವರಿಂದ ಲಂಚ ತಿಂದಿದ್ದಾರೆ. ಓದಿ ಓದಿ ಅವನ ಮುಖ ಕೆಂಪಾಗುತ್ತಿತ್ತು.

"ಅಕ್ಕಾರ, ಆಸ್ಪತ್ರಿ ಮುಂದ ಧರಣಿ ಕೂಡೋಣಂತ ಮಾಡೇವಿ. ನೀವ ಮುಂದ ನಿಂದ್ರಬೇಕು ನೋಡ್ರಿ" ಎಂದ ಒಂದು ದಿನ.

ಓಬಳಮ್ಮ ಎರಡು ವಿಶಲ್ ಊದಿದಳು. ನಾನು ಕ್ಲಚ್ ಬಿಟ್ಟೆ. ಹಿಂದಿನಿಂದ ಕಿರುಚಾಟ ಎದ್ದಿತು. ಒಬ್ಬಾಕೆ ಇನ್ನೂ ಮೆಟ್ಟಿಲ ಮೇಲಿದ್ದಳು. ಒಂದು ಕಾಲು ನೆಲಕ್ಕೆ, ಇನ್ನೊಂದು ಬಸ್ಸಿಗೆ. ಕಂಬಿ ಹಿಡಿದಿದ್ದರಿಂದ ಬಿದ್ದು ಮಂಡಿ ತರಚಿಕೊಂಡದ್ದಷ್ಟೇ, ದೇವರು ದೊಡ್ಡವನು. ನಾನು ಇಳಿದು ಹೋಗಿ ಆಕೆಯನ್ನು ಎಬ್ಬಿಸಿ ಕೈ ಮುಗಿದೆ. ಓಬಳಮ್ಮ ಆ ಹೆಂಗಸಿನ ತರಚಿದ ಮಂಡಿಯನ್ನೇ ನೋಡುತ್ತಾ ಬಾಗಿಲಲ್ಲಿ ಮರಗಟ್ಟಿ ನಿಂತಿದ್ದಳು.

ಬಂಗಾರಪೇಟೆಯಲ್ಲಿ ಊಟದ ಬಿಡುವಿಗೆ ಬಸ್ ನಿಲ್ಲಿಸಿ, ಜನರೆಲ್ಲ ಇಳಿದ ಮೇಲೆ, ನನ್ನ ಬಾಯಿ ತಡೆಯಲಿಲ್ಲ. "ಏನಮ್ಮಾ, ಜನ್ರನ್ನ ಸಾಯಿಸ್ಬೇಕಂತ ಇದ್ದೀಯಾ? ನಿನ್ ಬೈರೇಶನ ಕಾಲಿಗಾಗಿ ಊರೋರ್ ಕಾಲೆಲ್ಲ ಮುರಿಬೇಕಾ?" ಎಂದೆ.

ಅವಳು ಡಬ್ಬಿ ತೆರೆದಳು, ಮುದ್ದೆಯನ್ನು ಮುರಿದಳು, ಮತ್ತೆ ಮುಚ್ಚಿದಳು.

"ಕೆಂಪಣ್ಣ, ನಾನ್ ಅವನ ಮಂಡಿಗೆ ಮಣ್ಣು ಅಚ್ಚಿದ್ದೆ."

ನನಗೆ ತಕ್ಷಣ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಹೈಸ್ಕೂಲಿನಲ್ಲಿ ಆಡುವಾಗ ಅವಳ ಮಂಡಿಯೂ ಉಳುಕಿತ್ತಂತೆ. ಅವಳ ಅಜ್ಜಿ ಅಕ್ಕಯ್ಯಮ್ಮ ಆಟದ ಅಂಕಣದ್ದೇ ಮಣ್ಣು ಜರಡಿ ಹಿಡಿದು, ಅರಿಶಿನ ಬೆರೆಸಿ, ಹುಳಿ ಮಜ್ಜಿಗೆಯಲ್ಲಿ ಕಲಸಿ ಪಟ್ಟು ಹಾಕಿದ್ದಳಂತೆ. ಬಿದ್ದ ಮಣ್ಣೇ ಎಬ್ಬಿಸಬೇಕು ಎಂದು ಅಜ್ಜಿಯ ಮಾತು. ಓಬಳಮ್ಮ ಎದ್ದು ಮತ್ತೆ ಆಡಿದ್ದಳು. ಅದಕ್ಕೇ ಬೈರೇಶ್ ಮೊದಲು ಆಡಿದ ಅಂಕಣದಿಂದ, ಹಾಲಿನ ಡೈರಿಯ ಪಕ್ಕದ ಬಯಲಿನಿಂದ, ಒಂದು ಹಿಡಿ ಮಣ್ಣು ತಂದು ಹಾಗೆಯೇ ಕಲಸಿದಳು. ಮನೆಯೊಳಗೆ ಜನ ಕರಗಿದ್ದ ಹೊತ್ತು. ಬೈರೇಶನ ತಾಯಿ ದ್ಯಾವಮ್ಮ ಹಸುವಿಗೆ ಹುಲ್ಲು ಹಾಕಲು ಹೋಗಿದ್ದಳು. ಪಟ್ಟಿಯನ್ನು ಅಂಚಿನಿಂದ ಎತ್ತಿ ಸುತ್ತ ಹಚ್ಚಿ ಮತ್ತೆ ಅಂಟಿಸಿದಳು.

"ಅವನು ಬೇಡ ಅನ್ನಲಿಲ್ಲವಾ?"

"ನಗ್ತಿದ್ದ. ಡಾಕ್ಟ್ರು ಬೈತಾರಕ್ಕ ಅಂದ. ಡಾಕ್ಟ್ರೇನ್ ಕಬಡ್ಡಿ ಆಡಿದ್ರಾ ಅಂದೆ." ಅವಳು ಮೂಗು ಒರೆಸಿಕೊಂಡಳು. "ನನ್ ಮಂಡಿ ಒಳಗೊಳಗೇ ಉಳುಕಿತ್ತು ಕಣಣ್ಣ. ಅವನದು ಕುಯ್ದು ಒಲಿಗೆ ಆಕಿದ್ರು. ಅದೊಂದು ನನ್ ತಲೆಗೆ ಓಗ್ಲೇ ಇಲ್ಲ. ಆ ಬಯಲಲ್ಲಿ ಎಮ್ಮೆ ಕಟ್ತಾರೆ ಅನ್ನೋದೂ ಓಗ್ಲಿಲ್ಲ."

ನನಗೆ ಅವಳನ್ನು ಬೈಯಬೇಕೆನಿಸಿತು, ಬೈದೆ. ಓದು ಬರಹ ಕಲಿತವಳು, ಸರ್ಕಾರಿ ಕೆಲಸದವಳು, ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಮಣ್ಣಿಂದ ಆಗಿರಾಕಿಲ್ಲ ಅಲ್ವಾ ಅಣ್ಣ? ಜನ ಎಲ್ಲಾ ಮುಟ್ಟವ್ರೆ. ಆಸ್ಪತ್ರೆಲೇ ಆಗಿರಬೋದು. ಅಲ್ವಾ?"

ಅವಳಿಗೆ ಬೇಕಾಗಿದ್ದುದು ಒಂದು 'ಊಂ'. ಅಷ್ಟು ಚಿಕ್ಕದನ್ನು ಕೊಡಲು ನನ್ನಿಂದ ಆಗಲಿಲ್ಲ. "ಡಾಕ್ಟರಿಗೆ ಹೇಳು" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಹೇಳಿದರೆ ದ್ಯಾವಮ್ಮ ಮುಖ ನೋಡುವುದಿಲ್ಲ, ಊರವರು ಬಿಡುವುದಿಲ್ಲ, ನವನೀತನ ಗುಂಪು ಸುಮ್ಮನಿರುತ್ತದೆಯೇ? ನಿಜ ಹೇಳಬೇಕೆಂದರೆ ನನಗೂ ಭಯವಾಯಿತು. ಅದೇ ಜನರನ್ನು ದಿನಾ ಹತ್ತಿಸಿ ಇಳಿಸಬೇಕಾದವರು ನಾವು.

ಆಮೇಲಿನ ದಿನಗಳಲ್ಲಿ ಅವಳು ಕೂತಲ್ಲಿ ಕೂರಲಿಲ್ಲ. ಖಾಲಿ ಬಸ್ಸಿನಲ್ಲೂ ಹಿಂದಕ್ಕೂ ಮುಂದಕ್ಕೂ ಓಡಾಡುವಳು. ಬೇತಮಂಗಲದ ಕೆರೆ ಕಂಡರೆ ಇಳಿದು ಹೋಗಿ ಕೈ ತಿಕ್ಕಿ ತಿಕ್ಕಿ ತೊಳೆಯುವಳು. ಬೈರೇಶನ ಫೋನಿಗೆ ಕರೆ ಮಾಡುವಳು, ಅವನು ಎತ್ತುವ ಮೊದಲೇ ಕತ್ತರಿಸುವಳು. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ನಾನೂ ಒಂದೆರಡು ಸ್ಟಾಪು ದಾಟಿಸಿಬಿಟ್ಟೆ.

ಒಂದು ಬೆಳಿಗ್ಗೆ ಮೈಸೂರು ಮೈನ್ಸಿನಲ್ಲಿ ನವನೀತ್ ಬ್ಯಾನರು ಸುತ್ತಿಕೊಂಡು ಹತ್ತಿದ. ಹಿಂದೆ ಹತ್ತಿಪ್ಪತ್ತು ಹುಡುಗರು. ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿಗೆ ಹೊರಟಿದ್ದರು. ಅವನ ದನಿ ಅವತ್ತು ಏರಿರಲಿಲ್ಲ, ಇಳಿದಿತ್ತು.

"ಯಾವ ಕ್ರಿಮಿ ಅಂತನ ತಿಳೀವಲ್ದಂತ್ರಿ ಅಕ್ಕಾರ. ಏನು ಔಷಧ ಕೊಟ್ರೂ ಕೇಳವಲ್ದು. ನಾಳೆತನಕ ನೋಡ್ತಾರಂತ. ಆಗಲಿಲ್ಲಂದ್ರ ಕೂಡಿಸಿದ್ದ ನರ ಕಿತ್ತು ತೆಗೀತಾರಂತ. ಮುಂದ ಆಟ ಇಲ್ಲ."

"ಯಾವ ಕ್ರಿಮಿ ಅಂತ ಗೊತ್ತಾದ್ರೆ?" ಎಂದಳು ಓಬಳಮ್ಮ.

"ಗೊತ್ತಾದ್ರ ಅದಕ್ಕ ತಕ್ಕ ಔಷಧ ಕೊಡ್ತಾರ. ಆದ್ರ ಅವರಿಗೆ ಹುಡುಕೋ ಮನಸ್ಸ ಇಲ್ಲ ಬಿಡ್ರಿ."

ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಬಸ್ ನಿಂತಿತು. ಬೂದಿಕೋಟೆಯ ಕಡೆಯವರು ತುಂಬಿಕೊಂಡು ಕೂತಿದ್ದರು. ನಾನು ಕಾದೆ, ವಿಶಲ್ ಬರಲಿಲ್ಲ. ತಿರುಗಿ ನೋಡಿದರೆ ಓಬಳಮ್ಮ ನನ್ನ ಕಿಟಕಿಯ ಕೆಳಗೆ ನಿಂತು ಟಿಕೆಟ್ ಮೆಷಿನ್ನೂ ಚೀಲವನ್ನೂ ನನ್ನ ಕೈಗೆ ತುರುಕುತ್ತಿದ್ದಳು.

"ನಾನು ಓಗ್ತೀನಿ ಕೆಂಪಣ್ಣ. ಕೆಲ್ಸ ಓದ್ರೆ ಓಗ್ಲಿ."

ಕಂಡಕ್ಟರ್ ಇಲ್ಲದ ಡ್ರೈವರಿಗೆ ಸ್ಟ್ಯಾಂಡಿನಲ್ಲಿ ಏನು ಕೆಲಸ? ಜನರನ್ನು ಹಿಂದಿನ ಬಸ್ಸಿಗೆ ಹತ್ತಿಸಿ, ಮೆಷಿನ್ನು, ಚೀಲ, ಕೀ ಎಲ್ಲವನ್ನೂ ಕಂಟ್ರೋಲರ್ ಮೇಜಿನ ಮೇಲಿಟ್ಟು, ಇಬ್ಬರಿಗೂ ಹೊಟ್ಟೆ ಕೆಟ್ಟಿದೆ ಎಂದೆ. "ಒಟ್ಟಿಗೇನಾ?" ಎಂದು ಆತ ಕಣ್ಣು ಕಿರಿದು ಮಾಡಿದ. ಒಂದೇ ಕಡೆ ತಿಂದೆವು ಸ್ವಾಮಿ ಎಂದು ಸ್ಟೇಷನ್ನಿನ ಕಡೆ ಓಡಿದೆ. ಮುಂದೆ ಅದಕ್ಕೆ ಇಬ್ಬರಿಗೂ ಮೆಮೊ ಬಂತು, ಬರಬೇಕಾದ್ದೇ.

ರೈಲಿನಲ್ಲಿ ಅದೇ ಬೋಗಿ, ಅದೇ ಹುಡುಗರು. ಓಬಳಮ್ಮನೂ ಧರಣಿಗೆ ಬಂದಳೆಂದು ಅವರಿಗೆ ಆನೆಬಲ. ದಾರಿಯುದ್ದಕ್ಕೂ ಡಾಕ್ಟರಿಗೆ ಧಿಕ್ಕಾರ ಕೂಗುವ ಅಭ್ಯಾಸ ನಡೆಯಿತು. ಅವಳು ಬಾಗಿಲ ಹತ್ತಿರ ನಿಂತು, ಕೊರಳಿನ ದಾರದಲ್ಲಿ ತೂಗುತ್ತಿದ್ದ ವಿಶಲನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದಳು. ಪ್ರತಿ ಸ್ಟೇಷನ್ನಿನಲ್ಲೂ ಅವಳು ಇಳಿದು ವಾಪಸ್ ಹೋಗಿಬಿಡುತ್ತಾಳೆ ಎಂದು ನನಗೆ ಅನ್ನಿಸುತ್ತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ನಮಗಿಂತ ಮುಂಚೆ ಬಂದವರೂ ಇದ್ದರು, ಒಟ್ಟು ದೊಡ್ಡ ಗುಂಪೇ. ಕಾವಲಿನವನು ಯಾರನ್ನೂ ಒಳಗೆ ಬಿಡಲಿಲ್ಲ. ಓಬಳಮ್ಮ ಅವನ ಮುಂದೆ ಕೈ ಮುಗಿದು, "ಡಾಕ್ಟ್ರತ್ರ ಒಂದ್ ಮಾತು ಏಳ್ಬೇಕಪ್ಪ" ಎಂದಳು. ಎಲ್ಲರೂ ಅದನ್ನೇ ಹೇಳುತ್ತಾರೆ ಎಂದು ಅವನು ದೂಡಿದ. ಕೂಗು ಜೋರಾಯಿತು. ಯಾರೋ ಒಬ್ಬ ಕಲ್ಲನ್ನೂ ಎತ್ತಿಕೊಂಡ. ಆಗ ಕನ್ನಡಕದ ಒಬ್ಬ ಡಾಕ್ಟರಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಡಾಕ್ಟರ್ ಭಾರ್ಗವಿ, ಬೈರೇಶನನ್ನು ನೋಡಿಕೊಳ್ಳುತ್ತಿದ್ದವರು. ಅವರ ಹಿಂದೆ ಗಾಜಿನ ಬಾಗಿಲಲ್ಲಿ ದ್ಯಾವಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು. ಡಾಕ್ಟರ್ ಏನೋ ಹೇಳಲು ಬಾಯಿ ತೆರೆದರು. ಒಂದಕ್ಷರವೂ ಕೇಳಿಸಲಿಲ್ಲ.

ಓಬಳಮ್ಮ ವಿಶಲ್ ಊದಿದಳು. ಒಂದೇ ಸಲ, ಉಸಿರಿರುವಷ್ಟೂ.

ನಮ್ಮ ಕಡೆಯ ಜನ ಎಷ್ಟೋ ವರ್ಷ ಆ ವಿಶಲಿಗೆ ನಿಂತವರು. ಕೈಗಳು ಎತ್ತಿದಲ್ಲೇ ನಿಂತವು. ಕೂಗುತ್ತಿದ್ದ ಬಾಯಿಗಳು ಮುಚ್ಚಿದವು. ನಾನೇ ಬಲಗಾಲನ್ನು ನೆಲಕ್ಕೆ ಒತ್ತಿದ್ದೆ.

"ಡಾಕ್ಟ್ರಮ್ಮಾ, ನಿಮ್ ತಪ್ಪಲ್ಲ. ನಾನು ಅವನ ಗಾಯದ ಸುತ್ತ ಮಣ್ಣು ಅಚ್ಚಿದೀನಿ. ಕಬಡ್ಡಿ ಆಡೋ ಮಣ್ಣು. ಅರಿಶ್ನ, ಮಜ್ಜಿಗೆ ಕಲಸಿ. ಆ ಜಾಗ್ದಾಗೆ ಎಮ್ಮೆ ಕಟ್ತಾರೆ."

ಅಷ್ಟು ಜನರ ಮಧ್ಯೆ ಅವಳ ದನಿ ಒಡೆಯಲಿಲ್ಲ. ಸ್ಟಾಪಿನ ಹೆಸರು ಕೂಗುವ ದನಿಯಲ್ಲೇ ಹೇಳಿದಳು. ಡಾಕ್ಟರ್ ಮೆಟ್ಟಿಲಿಳಿದು ಬಂದರು. ಯಾವಾಗ, ಎಷ್ಟು, ಹೊಲಿಗೆಗೆ ತಾಗಿತೇ ಎಂದು ಒಂದೊಂದಾಗಿ ಕೇಳಿದರು. ಅವಳು ಒಂದೊಂದಾಗಿ ಹೇಳಿದಳು. "ಮಣ್ಣಿನ ಕ್ರಿಮಿಗಳೇ ಬೇರೆ, ಅವನ್ನು ಹುಡುಕುವ ಪರೀಕ್ಷೆಯೇ ಬೇರೆ. ಇಷ್ಟು ದಿನ ಎಲ್ಲಿದ್ದಿರಿ ನೀವು?" ಎಂದು ಗದರಿ, ಅಲ್ಲೇ ಫೋನು ತೆಗೆದು ಲ್ಯಾಬಿಗೆ ಏನೇನೋ ಹೇಳುತ್ತಾ ಒಳಗೆ ಓಡಿದರು.

ಗುಂಪು ಈಗ ಓಬಳಮ್ಮನ ಕಡೆ ತಿರುಗಿತು. ಥೂ ಎಂದವರಿದ್ದರು. ಅವಳ ತಾಯಿಯನ್ನೂ ಸೇರಿಸಿ ಬೈದವರಿದ್ದರು. ನಾನು ಅಡ್ಡ ನಿಂತೆ. ನನ್ನ ಡೊಳ್ಳು ಹೊಟ್ಟೆಯಾದರೂ ಒಂದು ಕೆಲಸಕ್ಕೆ ಬಂತು. ನವನೀತ್ ಮಾತ್ರ ಬ್ಯಾನರು ಸುತ್ತಿದ. ಅವನೂ ಆ ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವನೇ. ಅದು ಅವನಿಗೆ ನೆನಪಾಗಿರಬೇಕು.

ಸ್ವಲ್ಪ ಹೊತ್ತಿಗೆ ನರ್ಸೊಬ್ಬಳು ಬಂದು, ಬೈರೇಶ್ ಓಬಳಮ್ಮನನ್ನೇ ಕೇಳುತ್ತಿದ್ದಾನೆ ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಕೈ ತೊಳೆಸಿ, ಮುಖಕ್ಕೆ ಮಾಸ್ಕು ಕಟ್ಟಿಸಿ, ಬಾಗಿಲಲ್ಲೇ ನಿಲ್ಲಿಸಿದರು. ದ್ಯಾವಮ್ಮ ನಮ್ಮನ್ನು ದಾಟಿ ಹೋದಳು, ಓಬಳಮ್ಮನ ಮುಖ ನೋಡಲಿಲ್ಲ. ಬೈರೇಶ್ ಅರ್ಧಕ್ಕರ್ಧ ಇಳಿದುಹೋಗಿದ್ದ. ಟಿವಿಯಲ್ಲಿ ಏಳು ಜನರನ್ನು ಎಳೆದುಕೊಂಡು ಗೆರೆ ಮುಟ್ಟುತ್ತಿದ್ದವನು ಇವನೇನಾ ಎಂದು ನಾನು ಮತ್ತೊಮ್ಮೆ ನೋಡಿದೆ.

"ಏಳ್ಬುಟ್ಯಾ ಅಕ್ಕ?" ಎಂದ.

ಓಬಳಮ್ಮ ತಲೆಯಾಡಿಸಿದಳು.

"ನನ್ನೂ ಕೇಳಿದ್ರು. ಗಾಯಕ್ ಏನಾದ್ರೂ ಅಚ್ಚಿದ್ರಾ ಅಂತ. ಇಲ್ಲ ಅಂದೆ."

"ಯಾಕ್ಲಾ?" ಅವಳ ದನಿ ಈಗ ಒಡೆಯಿತು. "ಕಾಲು ಓಗ್ತಿತ್ತಲ್ಲೋ ಮೂದೇವಿ! ಯಾಕ್ಲಾ ಇಲ್ಲ ಅಂದೆ?"

"ಜನ ನಿನ್ನ ಬಸ್ಸಲ್ಲಿ ಇರಾಕ್ ಬಿಡ್ತಿರಲಿಲ್ಲ. ನನಗೋಸ್ಕರ ಅಷ್ಟ್ ದಿನ ನಿಲ್ಸಿದ್ ಬಸ್ಸು ಅದು."

ಅವಳು ಗೋಡೆಗೆ ಹಣೆ ಕೊಟ್ಟು ಅತ್ತಳು. ನಾನು ಕಿಟಕಿಯ ಕಡೆ ಹೋಗಿ ನಿಂತೆ. ಆ ಊರಿನ ಧೂಳು ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಲ್ಯಾಬಿನವರಿಗೆ ಕ್ರಿಮಿ ಸಿಕ್ಕಿತು. ಔಷಧ ಬದಲಾಯಿತು, ಜ್ವರ ನಿಧಾನಕ್ಕೆ ಇಳಿಯಿತು, ನರ ಉಳಿಯಿತು. ಬೈರೇಶ್ ಮತ್ತೆ ಆಡುತ್ತಾನೋ ಇಲ್ಲವೋ ಈಗಲೇ ಹೇಳುವಂತಿಲ್ಲ ಎಂದರು ಡಾಕ್ಟರ್. ನಮ್ಮ ಬಸ್ಸಿನಲ್ಲಿ ಮಾತು ಬೇರೆಯಾಯಿತು. ಕೆಲವರು ಓಬಳಮ್ಮನ ಕೈಗೆ ಕಾಸು ಕೊಡದೆ ಸೀಟಿನ ಮೇಲಿಡುತ್ತಿದ್ದರು. ಬೂದಿಕೋಟೆಯ ಅಜ್ಜಿ ಮಾತ್ರ ಮುಂಚಿನ ಹಾಗೆಯೇ ತೆಲುಗಿನಲ್ಲಿ ಕಾಲಿನ ಸಮಾಚಾರ ಕೇಳುತ್ತಿದ್ದಳು, ಇವಳು ಈಗ ನಿಂತು ಪೂರ್ತಿ ಹೇಳುತ್ತಿದ್ದಳು.

ಮೊನ್ನೆ ಬೈರೇಶ್ ಊರಿಗೆ ಬಂದ. ಕಾರಿನಲ್ಲಿ ಬರಬಹುದಿತ್ತು, ಅದರ ಬದಲು ರೈಲಿಳಿದು ಬಂಗಾರಪೇಟೆ ಸ್ಟ್ಯಾಂಡಿಗೆ ಊರುಗೋಲು ಊರಿಕೊಂಡು ಬಂದು ನಮ್ಮ ಬಸ್ಸನ್ನೇ ಹತ್ತಿದ. ಹಿಂದೆಯೇ ದ್ಯಾವಮ್ಮ. ಅವಳು ಓಬಳಮ್ಮನ ಕಡೆ ನೋಡದೆ ಆಧಾರ್ ಕಾರ್ಡು ಚಾಚಿದಳು, ಓಬಳಮ್ಮ ನೋಡದೆ ಹೆಂಗಸರ ಸೊನ್ನೆ ರೂಪಾಯಿ ಟಿಕೆಟು ಕೊಟ್ಟಳು. ಬೈರೇಶ್ ಕಾಲು ಚಾಚಿ ಮುಂದಿನ ಸೀಟಿನಲ್ಲಿ ಕೂತ. ಸ್ಟ್ಯಾಂಡಿನಲ್ಲಿದ್ದವರೆಲ್ಲ ನುಗ್ಗಿದರು. ಬಾಗಿಲಿನಿಂದ, ಕಿಟಕಿಯಿಂದ ಆ ಮಂಡಿಯ ಕಡೆಗೆ ಕೈಗಳು ಚಾಚಿದವು. ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಆಸೆ ಯಾರಿಗೂ ಹೋಗಿರಲಿಲ್ಲ.

ವಿಶಲ್ ಒಂದು ಸಲ ಕೇಳಿಸಿತು. ಕೈಗಳು ನಿಂತವು.

"ಯಾರೂ ಮುಟ್ಟಂಗಿಲ್ಲ. ನೋಡ್ರಿ, ಕಣ್ತುಂಬ ನೋಡ್ರಿ. ಕೈ ಮಾತ್ರ ಇಂದಕ್ಕೆ."

ದ್ಯಾವಮ್ಮ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದಳು. ಒಬ್ಬೊಬ್ಬರೇ ಕೈ ಹಿಂದಕ್ಕೆ ತೆಗೆದುಕೊಂಡರು. ಓಬಳಮ್ಮ ಬಾಗಿಲ ಹತ್ತಿರ, ತನ್ನ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು.

"ಬಾ ಅಕ್ಕ, ಪಕ್ಕದಾಗೆ ಕೂತ್ಕೋ. ನೀನೂ ಮುಟ್ಟಲ್ವಾ?" ಎಂದ ಬೈರೇಶ್.

"ಎಲ್ಲಾರ್ಗಿಂತ ಮೊದ್ಲು ನಾನೇ ಮುಟ್ಟಂಗಿಲ್ಲ ಕಣ್ಲಾ" ಎಂದಳು, ನಿಂತಲ್ಲಿಂದ ಅಲ್ಲಾಡಲಿಲ್ಲ.

ಆಮೇಲೆ ಕಂಬಿಗಳನ್ನೂ ಮೆಟ್ಟಿಲನ್ನೂ ಎರಡೆರಡು ಸಲ ನೋಡಿಕೊಂಡು ಎರಡು ಊದಿದಳು. ನಾನು ಮೆಲ್ಲಗೆ, ಬಹಳ ಮೆಲ್ಲಗೆ ಬಸ್ ತೆಗೆದೆ.